ಕಪ್ಪಾದ ಬಾಳೆಹಣ್ಣು ಉಗಿಗೆ ಇಡಿ

ಹುಲಿಹೈದರದ ನಮ್ಮ ಹೊಲ ಮಳೆ ನಂಬಿದ್ದು, ಬಾಳೆ ಬರೋದಿಲ್ಲ. ಆನೆಗೊಂದಿ ಕಡೆಯವರದು ತುಂಗಭದ್ರೆ ನೀರಿನ ಬಾಳೆ. ಹಣ್ಣಿನ ಸಿಪ್ಪೆ ಕಪ್ಪಾಯ್ತೋ, ಸಂತೆಯಲ್ಲಿ ಕೇಳೋರಿಲ್ಲ, ಬೆಳೆದವನಿಗೆ ಲುಕ್ಸಾನು. ಆದರೆ ಪಿಷ್ಟವೆಲ್ಲ ಸಕ್ಕರೆಯಾಗಿ ಸಿಹಿ ಹೆಚ್ಚಿರೋದು ಅದರಲ್ಲೇ. ಮಲೇಶಿಯಾದ ಚೀನೀ ಮನೆಗಳಲ್ಲಿ ಇಂಥ ಹಣ್ಣಿನ ಕೇಕನ್ನು ಉಗಿಯಲ್ಲೇ ಬೇಯಿಸ್ತಾರೆ, ನಮ್ಮ ಕಡುಬಿನ ತಮ್ಮ ಅನ್ನಿ. ತತ್ತಿ, ಈಸ್ಟ್ ಇಲ್ಲದೆಯೂ ಆಗ್ತದೆ.

ಕಿವುಚಿದ ಹಣ್ಣು 1 ಬಟ್ಟಲು, ಬೆಲ್ಲದ ಪುಡಿ ಅರ್ಧ, ಹುಳಿ ಮಜ್ಜಿಗೆ ಕಾಲು, ಗೋಧಿಹಿಟ್ಟು ಒಂದೂವರೆ ಬಟ್ಟಲು, ಎಣ್ಣೆ 2 ಚಮಚ ಕಲಸಿ. ಬರೀ ಜೋಳದ ಹಿಟ್ಟಾದರೆ ಜಿಗುಟಿಲ್ಲದೆ ಉದುರ್ತದೆ. ಅಡಿಗೆ ಸೋಡಾ ಅರ್ಧ ಚಮಚ, ಅದೂ ಕಡೆಗೆ. ಹುಳಿ ತಾಗಿದ ಕೂಡಲೇ ಗಾಳಿ ಏಳ್ತದೆ, ತಡಮಾಡಿದರೆ ಹಾರಿಹೋಗ್ತದೆ. ಅದಕ್ಕೇ ಇಡ್ಲಿ ಪಾತ್ರೆಯ ನೀರು ಮೊದಲೇ ಕುದೀತಿರಬೇಕು. ಮುಚ್ಚಳಕ್ಕೆ ಬಟ್ಟೆ ಕಟ್ಟಿ, ಹನಿ ಬಿದ್ದರೆ ಮೇಲೆಲ್ಲ ಅಂಟಂಟು. ಎಣ್ಣೆ ಸವರಿದ ಇಡ್ಲಿ ತಟ್ಟೆಯಲ್ಲಿ 15 ನಿಮಿಷ. ಕಡ್ಡಿ ಚುಚ್ಚಿ ನೋಡಿ, ಹಸಿ ಹಿಟ್ಟು ಹತ್ತಿದರೆ ಇನ್ನಷ್ಟು ಬೇಯಲಿ.