ಕೂಸಿನ ಗೋಣು ನಿಲ್ಲುವ ಕಾಲ

ಲಿಂಗಸುಗೂರು, ಸಿಂಧನೂರು, ಮಸ್ಕಿಗಳ ಕಡೆ ಬಾಣಂತಿಯನ್ನು ಕಾಣಹೋದ ಹಿರಿಯರು "ಕೂಸಿನ ಗೋಣು ನಿಂತೈತೇನವ್ವಾ?" ಎಂದು ಕೇಳುವುದುಂಟು. ನಾವು ಲೋಕಾಚಾರವೆಂದು ಭಾವಿಸುವ ಈ ಪ್ರಶ್ನೆಯಲ್ಲಿ ಶಾಸ್ತ್ರವೂ ಅಡಗಿದೆ.

ನವಜಾತ ಶಿಶುವಿನ ತಲೆಯು ದೇಹದ ಉದ್ದದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು. ಅದನ್ನು ಹೊರಬೇಕಾದ ಕತ್ತಿನ ಸ್ನಾಯುಗಳಾದರೋ ಇನ್ನೂ ದುರ್ಬಲ. ಆದುದರಿಂದಲೇ ಎತ್ತಿಕೊಳ್ಳುವಾಗ ಅಂಗೈಯ ಆಸರೆ ಬೇಕು. ಮಿದುಳಿನ ಹಿಡಿತವು ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ: ಮೊದಲು ಗೋಣು, ಬಳಿಕ ಬೆನ್ನು, ಕಡೆಗೆ ಕಾಲು. ಬೋರಲು ಮಲಗಿಸಿದ ಕೂಸು 2 ತಿಂಗಳಿಗೆ ತಲೆಯನ್ನು ತುಸು ಎತ್ತುತ್ತದೆ. 4 ತಿಂಗಳು ತುಂಬುವ ವೇಳೆಗೆ ಆಸರೆಯಿಲ್ಲದೆ ನೆಟ್ಟಗೆ ನಿಲ್ಲಿಸುತ್ತದೆ. ದಿನ ತುಂಬದೆ ಹುಟ್ಟಿದ ಕೂಸಿಗೆ, ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ಲೆಕ್ಕ ಹಿಡಿಯಬೇಕು.

ಎಚ್ಚರವಿದ್ದಾಗ, ನಮ್ಮ ಕಣ್ಣೆದುರಿನಲ್ಲಿ, ಕೆಲಹೊತ್ತು ಬೋರಲು ಮಲಗಿಸುವುದು ಕತ್ತಿಗೆ ಒಳ್ಳೆಯ ವ್ಯಾಯಾಮ. ನಿದ್ರೆಗೆ ಮಾತ್ರ ಅಂಗಾತವೇ ಸರಿ.

14ನೆಯ ವಾರದ ಲಸಿಕೆಗೆ ಹೋದಾಗ ವೈದ್ಯರಿಗೆ ಗೋಣನ್ನೂ ತೋರಿಸೋಣ. 4 ತಿಂಗಳು ಕಳೆದರೂ ತಲೆ ಜೋತುಬೀಳುತ್ತಿದ್ದರೆ, "ಇವರಪ್ಪನಿಗೂ ತಡವಾಗಿತ್ತು" ಎಂದು ಸುಮ್ಮನಿರಲಾಗದು. ಮೊದಲ ವರುಷದ ಮಿದುಳು ಅಭ್ಯಾಸಕ್ಕೆ ಒಲಿಯುವಷ್ಟು ಮುಂದಿನ ವರುಷಗಳಲ್ಲಿ ಒಲಿಯದು.