ಬಂದೂಕು ಸಂಗ್ರಹವಿರುವ ಮನೆಗೆ ವಿಮೆ

ಅಮೆರಿಕದ ಗೃಹವಿಮೆ ಪಾಲಿಸಿಯಲ್ಲಿ ಬಂದೂಕಿನ ಹೆಸರು ಬರುವುದು ಒಡವೆ, ಬೆಳ್ಳಿ ಪಾತ್ರೆ, ನಗದು ಹಣ ಇವುಗಳ ಸಾಲಿನಲ್ಲಿ. ಕಳ್ಳರ ಕೈಗೆ ಸುಲಭವಾಗಿ ಸಿಗುವ, ಚಿಕ್ಕದಾಗಿದ್ದರೂ ಬೆಲೆಬಾಳುವ ವಸ್ತುಗಳಿಗೆ ವಿಮಾ ಕಂಪನಿಗಳು ಒಂದೊಂದು ಮಿತಿ ಹಾಕಿವೆ. ಅಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಎಚ್‌ಓ-3 ನಮೂನೆಯ ಪಾಲಿಸಿಯಲ್ಲಿ ನಗದಿಗೆ 200 ಡಾಲರ್, ಕದ್ದುಹೋದ ಒಡವೆಗೆ 1,500 ಡಾಲರ್, ಕದ್ದುಹೋದ ಬಂದೂಕುಗಳಿಗೆ 2,500 ಡಾಲರ್. ಈ 2,500 ಒಂದೊಂದು ಬಂದೂಕಿಗೆ ಸಿಗುವ ಮೊತ್ತ ಎಂದು ಎಷ್ಟೋ ಮಂದಿ ತಿಳಿದಿದ್ದಾರೆ. ಹಾಗಿಲ್ಲ. ಮನೆಯಲ್ಲಿ ಎರಡು ಬಂದೂಕು ಇರಲಿ, ಇನ್ನೂರು ಇರಲಿ, ಒಂದು ಕಳವಿಗೆ ಒಟ್ಟು ಅಷ್ಟೇ. ದೂರದರ್ಶಕ, ಚೀಲ, ಪೆಟ್ಟಿಗೆ ಮುಂತಾದ ಜೊತೆ ಸಾಮಾನೂ ಅದರೊಳಗೇ ಸೇರುತ್ತದೆ.

ಸ್ಮಾಲ್ ಆರ್ಮ್ಸ್ ಸರ್ವೆ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಅಮೆರಿಕದ ನಾಗರಿಕರ ಬಳಿ ಸುಮಾರು 39 ಕೋಟಿ 30 ಲಕ್ಷ ಬಂದೂಕುಗಳಿವೆ, ಅಂದರೆ ನೂರು ಜನರಿಗೆ ನೂರಿಪ್ಪತ್ತು. ಇವೆಲ್ಲ ಮನೆಮನೆಗೆ ಸಮನಾಗಿ ಹಂಚಿಹೋಗಿಲ್ಲ. ಬೇಟೆಗೆಂದು ಒಂದೇ ಒಂದು ಇಟ್ಟುಕೊಂಡವರಿದ್ದಾರೆ. ಅಜ್ಜ ಕೊಟ್ಟದ್ದು, ಅಪ್ಪ ಕೊಂಡದ್ದು, ತಾವು ಹರಾಜಿನಲ್ಲಿ ಹಿಡಿದದ್ದು ಎಲ್ಲ ಸೇರಿ ನಲವತ್ತು ಐವತ್ತು ಕೂಡಿಹಾಕಿದವರೂ ಇದ್ದಾರೆ. ಮನೆಯ ಮಾಮೂಲಿ ಪಾಲಿಸಿಯನ್ನು ಬರೆದಿರುವುದು ಮೊದಲನೆಯವರನ್ನು ಕಣ್ಣಮುಂದೆ ಇಟ್ಟುಕೊಂಡು. ಎರಡನೆಯವರು ಅದನ್ನೇ ನಂಬಿ ಕೂತರೆ ಕಷ್ಟ.

ಒಂದು ಲೆಕ್ಕ ಹಾಕಿ ನೋಡಬಹುದು. ಮನೆಗೆ 4 ಲಕ್ಷ ಡಾಲರ್ ವಿಮೆ ಇದೆ ಎನ್ನೋಣ. ಒಳಗಿನ ಸಾಮಾನಿಗೆ ಸಾಮಾನ್ಯವಾಗಿ ಅದರ ಅರ್ಧ, ಎಂದರೆ 2 ಲಕ್ಷ. ಮನೆಯಲ್ಲಿ 80,000 ಡಾಲರ್ ಬೆಲೆಯ ನಲವತ್ತು ಬಂದೂಕುಗಳಿವೆ. ಮನೆಗೆ ಬೆಂಕಿ ಬಿದ್ದು ಅವು ಸುಟ್ಟುಹೋದರೆ 2,500ರ ಮಿತಿ ಅಡ್ಡ ಬರುವುದಿಲ್ಲ. ಆ ಮಿತಿ ಕಳವಿಗೆ ಮಾತ್ರ. ಮಂಚ, ಬಟ್ಟೆ, ಟಿವಿಗಳ ಜೊತೆಗೆ ಬಂದೂಕಿನ ಬೆಲೆಯನ್ನೂ 2 ಲಕ್ಷದೊಳಗೆ ಕೇಳಬಹುದು. ಅದೇ ನಲವತ್ತನ್ನು ಒಂದು ರಾತ್ರಿ ಕಳ್ಳರು ಹೊತ್ತೊಯ್ದರೆ ಕೈಗೆ ಬರುವುದು ಹೆಚ್ಚೆಂದರೆ 2,500. ಅದೇ ಸಾಮಾನು, ಅದೇ ಪಾಲಿಸಿ. ನಷ್ಟ ಆದ ಕಾರಣ ಬೇರೆ, ಅಷ್ಟೇ. ಸಂಗ್ರಹಕಾರ ಪಾಲಿಸಿ ಓದುವಾಗ ಮೊದಲು ಹುಡುಕಬೇಕಾದದ್ದು ಈ ವ್ಯತ್ಯಾಸವನ್ನು.

ಬೆಂಕಿಯ ಪರಿಹಾರದಲ್ಲೂ ತೊಡಕಿಲ್ಲದಿಲ್ಲ. ಹೆಚ್ಚಿನ ಪ್ರೀಮಿಯಂ ಕಟ್ಟಿದರೆ ಸವಕಳಿ ಕಳೆಯದೆ ಹೊಸ ವಸ್ತುವಿನ ಬೆಲೆಯನ್ನೇ ಕೊಡುವ ಅನುಬಂಧ ಸಿಗುತ್ತದೆ. ಆದರೆ ಹಳಮೆಯಿಂದಲೋ ಚರಿತ್ರೆಯಿಂದಲೋ ಬೆಲೆ ಬಂದ ವಸ್ತುಗಳನ್ನು ಆ ಅನುಬಂಧ ಹೊರಗಿಡುತ್ತದೆ. ಸಂಗ್ರಹದ ಬಂದೂಕುಗಳ ಬೆಲೆಯೆಲ್ಲ ಇರುವುದು ಆ ಹಳಮೆ, ಚರಿತ್ರೆಗಳಲ್ಲೇ. ಇನ್ನು ಎಚ್‌ಓ-3ರಲ್ಲಿ ಮನೆಯ ಸಾಮಾನಿಗೆ ರಕ್ಷಣೆ ಇರುವುದು ಹೆಸರಿಸಿದ ಹದಿನಾರು ಅಪಾಯಗಳಿಗೆ ಮಾತ್ರ. ಬಾತುಕೋಳಿ ಬೇಟೆಗೆ ಹೋದಾಗ ದೋಣಿ ವಾಲಿ ಬಂದೂಕು ಕೆರೆಯ ಪಾಲಾದರೆ ಆ ಹದಿನಾರರಲ್ಲಿ ಅದಕ್ಕೆ ಜಾಗವಿಲ್ಲ. ಕೈಜಾರಿ ಬಿದ್ದು ಮರದ ಹಿಡಿ ಸೀಳಿದರೂ ಇಲ್ಲ. ಪ್ರವಾಹ, ಭೂಕಂಪಗಳನ್ನಂತೂ ಪಾಲಿಸಿ ಹೊರಗೇ ಇಟ್ಟಿದೆ. ಕಾಡಿನ ಅಂಚಿನಲ್ಲಿ ಬೇಟೆಗೆಂದು ಕಟ್ಟಿಕೊಂಡ ಇನ್ನೊಂದು ಮನೆಯಲ್ಲಿ ಇಟ್ಟ ಬಂದೂಕು ಮಾಲಿಕ ಅಲ್ಲಿ ಉಳಿದುಕೊಂಡಿಲ್ಲದ ಹೊತ್ತಿನಲ್ಲಿ ಕಳವಾದರೆ, ಆ ಕಳವಿಗೆ ಮೊದಲ ಮನೆಯ ಪಾಲಿಸಿ ಹೊಣೆಯಲ್ಲ.

ಈ ಕೊರತೆ ತುಂಬಿಕೊಳ್ಳಲು ಮೂರು ದಾರಿಗಳಿವೆ. ಸುಲಭದ್ದು, ಇರುವ ಪಾಲಿಸಿಯಲ್ಲೇ ಕಳವಿನ ಮಿತಿಯನ್ನು ಏರಿಸಿಕೊಳ್ಳುವುದು. ಖರ್ಚು ಕಡಿಮೆ, ಆದರೆ ಕಂಪನಿ ಏರಿಸುವುದಕ್ಕೂ ಒಂದು ಎಲ್ಲೆ ಇರುತ್ತದೆ, ಮತ್ತು ಹದಿನಾರು ಅಪಾಯಗಳ ಬೇಲಿ ಹಾಗೇ ಉಳಿಯುತ್ತದೆ. ನಾಲ್ಕೈದು ಸಾಧಾರಣ ಬಂದೂಕು ಇರುವವರಿಗೆ ಇದು ಸಾಕು.

ಎರಡನೆಯದು, ಒಂದೊಂದನ್ನೂ ಹೆಸರಿಸಿ ಪಾಲಿಸಿಗೆ ಪಟ್ಟಿ ಸೇರಿಸುವುದು. ತಯಾರಕ, ಮಾದರಿ, ಕ್ರಮಸಂಖ್ಯೆ, ಬೆಲೆ ಬರೆದುಕೊಡಬೇಕು; ಬೆಲೆ ಹೆಚ್ಚಿದ್ದರೆ ಪರಿಣತರ ಮೌಲ್ಯಮಾಪನ ಪತ್ರವನ್ನೂ ಕೇಳುತ್ತಾರೆ. ಪ್ರತಿಯಾಗಿ ರಕ್ಷಣೆ ಅಗಲವಾಗುತ್ತದೆ. ಕೆರೆಗೆ ಬಿದ್ದದ್ದಕ್ಕೂ ಹಣ ಬರುತ್ತದೆ, ಸಾಮಾನ್ಯವಾಗಿ ಮಾಲಿಕ ತನ್ನ ಪಾಲೆಂದು ಮೊದಲು ಭರಿಸಬೇಕಾದ ಮೊತ್ತವೂ ಇರುವುದಿಲ್ಲ. ಆದರೆ ತುಕ್ಕು, ಸವೆತ, ಹುಳ ಹಿಡಿದು ಹಾಳಾದ ಮರ ಇವಕ್ಕೆ ಯಾವ ಪಾಲಿಸಿಯೂ ಕೊಡುವುದಿಲ್ಲ.

ಮೂರನೆಯದು, ಸಂಗ್ರಹಕ್ಕೆಂದೇ ಬೇರೆ ಪಾಲಿಸಿ. ನಾಣ್ಯ, ಅಂಚೆಚೀಟಿ, ಬಂದೂಕು ಸಂಗ್ರಹಗಳಿಗೆ ವಿಮೆ ಮಾಡುವ ಕಂಪನಿಗಳೇ ಅಲ್ಲಿ ಇವೆ. ಒಂದು ಬೆಲೆಗಿಂತ ಕೆಳಗಿನವನ್ನು ಒಟ್ಟುಮೊತ್ತದಲ್ಲಿ ಸೇರಿಸಿ, ಅದಕ್ಕೆ ಮೇಲಿನವನ್ನು ಮಾತ್ರ ಹೆಸರಿಸುವ ಪದ್ಧತಿ ಇವುಗಳಲ್ಲಿ ಸಾಮಾನ್ಯ. ತನ್ನ ಬಳಿ ಏನೇನಿದೆ ಎಂಬ ಪೂರ್ತಿ ಪಟ್ಟಿಯನ್ನು ಪರರ ಕೈಗೆ ಕೊಡಲು ಹಿಂಜರಿಯುವವರಿಗೆ ಇದು ಒಗ್ಗುತ್ತದೆ. ಆ ಹಿಂಜರಿಕೆಗೆ ಅಲ್ಲಿ ಆಳವಾದ ಬೇರಿದೆ: ಸಾಮಾನ್ಯ ಬಂದೂಕುಗಳ ರಾಷ್ಟ್ರಮಟ್ಟದ ನೋಂದಣಿ ಪಟ್ಟಿಯನ್ನು 1986ರ ಕಾನೂನು ಕೇಂದ್ರ ಸರ್ಕಾರಕ್ಕೇ ನಿಷೇಧಿಸಿದೆ. ಗೃಹವಿಮೆಯ ಮೇಲೆ ಕ್ಲೇಮು ಬಿದ್ದರೆ ಮುಂದಿನ ವರ್ಷ ಪ್ರೀಮಿಯಂ ಏರಬಹುದು, ನವೀಕರಣವೇ ಕಷ್ಟವಾಗಬಹುದು. ಬೇರೆ ಪಾಲಿಸಿ ಇದ್ದರೆ ಮನೆಯ ವಿಮೆಗೆ ಆ ಪೆಟ್ಟು ತಾಗದು. ಹತ್ತು ಹದಿನೈದು ದಾಟಿದ ಯಾವುದೇ ಸಂಗ್ರಹಕ್ಕೆ ಈ ಮೂರನೆಯ ದಾರಿಯೇ ಮೇಲು.

ಕ್ಯಾಲಿಫೋರ್ನಿಯದಂಥ ಕಡೆ ಇದು ಇನ್ನೂ ಮುಖ್ಯ. ಕಾಳ್ಗಿಚ್ಚಿನ ಭಯದಿಂದ ಅಲ್ಲಿ ದೊಡ್ಡ ಕಂಪನಿಗಳು ಹಿಂದೆ ಸರಿಯುತ್ತಿವೆ. ಸ್ಟೇಟ್ ಫಾರ್ಮ್ 2023ರ ಮೇ ತಿಂಗಳಲ್ಲಿ ಹೊಸ ಗೃಹವಿಮೆ ಅರ್ಜಿಗಳನ್ನೇ ನಿಲ್ಲಿಸಿತು. ಬೇರೆಲ್ಲೂ ವಿಮೆ ಸಿಗದವರು ಫೇರ್ ಪ್ಲಾನ್ ಎಂಬ ಕೊನೆಯ ಆಸರೆಗೆ ಹೋಗುತ್ತಾರೆ. ಅದರ ಮೂಲ ಪಾಲಿಸಿ ಬೆಂಕಿ, ಸಿಡಿಲು, ಹೊಗೆಯಂಥವಕ್ಕೆ ಇರುವಂಥದ್ದು, ಕಳವು ಅದರಲ್ಲಿಲ್ಲ. ಅಲ್ಲಿಗೆ ಆ 2,500 ಡಾಲರೂ ಹೋಯಿತು.

ಬೆಲೆ ಕಟ್ಟುವುದೇ ಒಂದು ವಿದ್ಯೆ. ‘ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್’ ಎಂಬ ದಪ್ಪ ಪುಸ್ತಕ ವ್ಯಾಪಾರಿಗಳಿಗೂ ಸಂಗ್ರಹಕಾರರಿಗೂ ಆಧಾರ. ಆದರೆ ಒಂದೇ ಮಾದರಿಯ ಎರಡು ಬಂದೂಕುಗಳ ಬೆಲೆ ಅಜಗಜಾಂತರ ಇರಬಹುದು. ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ ರಿವಾಲ್ವರನ್ನೇ ತೆಗೆದುಕೊಳ್ಳಿ. ಅದನ್ನು ಮಗುಚಿ ಹಿಡಿದರೆ ಚೌಕಟ್ಟಿನ ಅಡಿಯಲ್ಲಿ, ಕುದುರೆಯ ಕಾವಲುಪಟ್ಟಿಯ ಮೇಲೆ, ಹಿಡಿಯ ಬುಡದಲ್ಲಿ ಸಣ್ಣ ಅಂಕಿಗಳು ಕಾಣುತ್ತವೆ. ಮೂರೂ ಒಂದೇ ಇದ್ದರೆ ಬಂದೂಕು ಹುಟ್ಟಿದಂತೆಯೇ ಇದೆ ಎಂದರ್ಥ. ಬೇರೆಬೇರೆ ಇದ್ದರೆ ಎಲ್ಲಿಯದೋ ಭಾಗ ಎಲ್ಲಿಗೋ ಕೂಡಿದೆ, ಬೆಲೆ ಇಳಿಯಿತು. ಮಾಸಿದ ನೀಲಿ ಬಣ್ಣವನ್ನು ಯಾರೋ ಅಕ್ಕರೆಯಿಂದ ಉಜ್ಜಿ ಹೊಸ ಬಣ್ಣ ಹಾಕಿಸಿದ್ದರೆ ಇನ್ನೂ ಇಳಿಯಿತು. ಕಾರ್ಖಾನೆಯಿಂದ ಯಾವಾಗ, ಯಾರಿಗೆ ರವಾನೆಯಾಯಿತು ಎಂಬ ಪತ್ರವನ್ನು ಕೋಲ್ಟ್ ಕಂಪನಿಯೇ ತನ್ನ ದಾಖಲೆ ನೋಡಿ ಶುಲ್ಕ ಪಡೆದು ಕೊಡುತ್ತದೆ. ಹಳೆಯ ವಿಂಚೆಸ್ಟರ್ ಬಂದೂಕುಗಳಿಗೆ ಅಂಥ ಪತ್ರ ಸಿಗುವುದು ವಯೋಮಿಂಗ್ ರಾಜ್ಯದ ಕೋಡಿ ಊರಿನ ವಸ್ತುಸಂಗ್ರಹಾಲಯದಲ್ಲಿ. ಚರಿತ್ರೆ ಕೂಡಿಕೊಂಡರೆ ಬೆಲೆ ಎಲ್ಲಿಗೆ ಹೋಗುತ್ತದೆ ಎನ್ನುವುದಕ್ಕೆ 2021ರ ಆಗಸ್ಟ್ ಸಾಕ್ಷಿ: ಕುಖ್ಯಾತ ಅಪರಾಧಿ ಬಿಲ್ಲಿ ದಿ ಕಿಡ್‌ನನ್ನು ಕೊಂದ ಶೆರಿಫ್ ಪ್ಯಾಟ್ ಗ್ಯಾರೆಟ್‌ನ ಕೋಲ್ಟ್ ಬೋನಮ್ಸ್ ಹರಾಜಿನಲ್ಲಿ 60 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಅಪರೂಪವೂ ಬೆಲೆ ಏರಿಸುತ್ತದೆ: 1986ರ ಮೇ ತಿಂಗಳ ನಂತರ ತಯಾರಾದ ಮೆಷಿನ್ ಗನ್ನುಗಳನ್ನು ಖಾಸಗಿಯವರು ಕೊಳ್ಳುವಂತಿಲ್ಲ. ಅದಕ್ಕೆ ಮೊದಲು ನೋಂದಣಿಯಾದವಷ್ಟೇ ಕೈಬದಲಾಗುತ್ತವೆ, ಒಂದೊಂದಕ್ಕೂ ಹತ್ತಾರು ಸಾವಿರ ಡಾಲರ್. ಇಂಥವಕ್ಕೆ ನಷ್ಟವಾದ ಮೇಲೆ ಬೆಲೆ ಚೌಕಾಸಿ ಮಾಡುವ ಪಾಲಿಸಿ ಬೇಡ. ಮೊದಲೇ ಒಪ್ಪಿದ ಬೆಲೆ ಬರೆದ ಪಾಲಿಸಿಯನ್ನೇ ಕೇಳಬೇಕು. ಮೂರು ನಾಲ್ಕು ವರ್ಷಕ್ಕೊಮ್ಮೆ ಆ ಬೆಲೆಯನ್ನು ಪರಿಷ್ಕರಿಸಲೂ ಬೇಕು.

ಇಷ್ಟೆಲ್ಲ ಆದರೂ ಕ್ಲೇಮಿನ ದಿನ ಮಾತಾಡುವುದು ಕಾಗದ. ಸಾಮಾನ್ಯ ಬಂದೂಕುಗಳ ಪಟ್ಟಿ ಕೇಂದ್ರ ಸರ್ಕಾರದ ಬಳಿ ಇಲ್ಲವಾದ್ದರಿಂದ ಬಂದೂಕು ಇತ್ತೆಂದು ತೋರಿಸುವ ಹೊಣೆ ಮಾಲಿಕನದೇ. ಪ್ರತಿಯೊಂದಕ್ಕೂ ಎರಡು ಬದಿಯ ಚಿತ್ರ, ಕ್ರಮಸಂಖ್ಯೆಯ ಹತ್ತಿರದ ಚಿತ್ರ, ನಳಿಗೆಯ ಮೇಲಿನ ಬರಹ, ಗೀರು ತೂತುಗಳ ವಿವರ, ಕೊಂಡ ರಸೀದಿ ಇರಬೇಕು. ಇವನ್ನು ಬಂದೂಕಿನ ತಿಜೋರಿಯಲ್ಲೇ ಇಟ್ಟರೆ ಕಳ್ಳರು ಅವನ್ನೂ ಒಯ್ಯುತ್ತಾರೆ. ಒಂದು ಪ್ರತಿ ಬ್ಯಾಂಕ್ ಲಾಕರಿನಲ್ಲೋ ನಂಬಿಕಸ್ಥ ಬಂಧುವಿನ ಬಳಿಯೋ ಇರಲಿ. ಮನೆಯಾಕೆಗೂ ಮಕ್ಕಳಿಗೂ ಅದು ಎಲ್ಲಿದೆ ಎಂದು ಗೊತ್ತಿರಬೇಕು. ಸಂಗ್ರಹಕಾರ ತೀರಿಕೊಂಡ ಮೇಲೆ ಸಾವಿರಾರು ಡಾಲರಿನ ಬಂದೂಕು ಹಳೆ ಕಬ್ಬಿಣದ ಬೆಲೆಗೆ ಹೋಗದಂತೆ ತಡೆಯುವುದೂ ಈ ಪಟ್ಟಿಯೇ.

ತಿಜೋರಿ ಇದ್ದರೆ ಕೆಲವು ಕಂಪನಿಗಳು ಪ್ರೀಮಿಯಂ ಇಳಿಸುತ್ತವೆ, ದೊಡ್ಡ ಮೊತ್ತವಾದರೆ ಅದನ್ನೇ ಷರತ್ತು ಮಾಡುತ್ತವೆ. ಅಂಗಡಿಯಲ್ಲಿ ಬಂದೂಕಿನ ತಿಜೋರಿ ಎಂದು ಮಾರುವವುಗಳಲ್ಲಿ ಬಹಳಷ್ಟು, ತಿಜೋರಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದ ಲೆಕ್ಕದಲ್ಲಿ, ಗೃಹ ಸುರಕ್ಷತಾ ಪೆಟ್ಟಿಗೆಗಳು ಮಾತ್ರ. ಸುತ್ತಿಗೆ, ಮೀಟುಗೋಲಿನಂಥ ಸಾಧನ ಹಿಡಿದ ಒಬ್ಬನನ್ನು ಐದು ನಿಮಿಷ ತಡೆದರೆ ಪರೀಕ್ಷೆ ಪಾಸು. ಟಿಎಲ್-15 ಮುದ್ರೆಯವು ವಿದ್ಯುತ್ ಉಪಕರಣಗಳಿಗೂ ಹದಿನೈದು ನಿಮಿಷ ತಡೆಯುತ್ತವೆ, ಬೆಲೆಯೂ ಹಾಗೇ. ಯಾವುದೇ ಇರಲಿ, ನೆಲಕ್ಕೆ ಬೋಲ್ಟ್ ಹಾಕದಿದ್ದರೆ ಇಬ್ಬರು ಕೈಗಾಡಿಯಲ್ಲಿ ತಿಜೋರಿಯನ್ನೇ ಸಾಗಿಸುತ್ತಾರೆ. ಬೆಂಕಿ ತಡೆಯಲು ಗೋಡೆಯೊಳಗೆ ತುಂಬಿದ ಜಿಪ್ಸಮ್ ಹಲಗೆ ಕಾದಾಗ ಆವಿ ಬಿಡುತ್ತದೆ. ಸುಡದೆ ಉಳಿದ ಬಂದೂಕು ಆ ಆವಿಗೆ ತುಕ್ಕು ಹಿಡಿಯಬಹುದು. ಹಾಗಾಗಿ ತಿಜೋರಿ ಇದೆಯೆಂದು ವಿಮೆ ಬಿಡುವುದು ಸರಿಯಲ್ಲ.

ತೋಟೆಗಳನ್ನು ಮನೆಯಲ್ಲೇ ತುಂಬಿಕೊಳ್ಳುವವರ ಬಳಿ ಮದ್ದು ಇರುತ್ತದೆ. ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಸಂಹಿತೆಯ ಪ್ರಕಾರ ಹೊಗೆರಹಿತ ಮದ್ದನ್ನು ಮೂಲ ಡಬ್ಬಿಯಲ್ಲೇ 20 ಪೌಂಡಿನವರೆಗೆ, ಎಂದರೆ ಸುಮಾರು 9 ಕಿಲೋ, ಮನೆಯಲ್ಲಿ ಇಡಬಹುದು. 50 ಪೌಂಡಿನವರೆಗೆ ಒಂದಂಗುಲ ದಪ್ಪದ ಮರದ ಪೆಟ್ಟಿಗೆ ಬೇಕು. ಸ್ಥಳೀಯ ನಿಯಮ ಇದಕ್ಕಿಂತ ಬಿಗಿಯಾಗಿರಬಹುದು. ಮದ್ದಿನ ವಿಷಯವನ್ನು ಏಜೆಂಟರಿಗೆ ಹೇಳಿ ಬರಹದಲ್ಲಿ ಉತ್ತರ ಪಡೆಯುವುದು ಕ್ಷೇಮ.

ಏಜೆಂಟರು ನಾಯಿ, ಈಜುಕೊಳ ಇದೆಯೇ ಎಂದು ಕೇಳುತ್ತಾರೆ. ಬಂದೂಕಿನ ಪ್ರಶ್ನೆ ಎಲ್ಲ ಅರ್ಜಿಯಲ್ಲೂ ಇರುವುದಿಲ್ಲ. ಇದ್ದರೆ ನಿಜ ಹೇಳಬೇಕು, ಏಕೆಂದರೆ ಸುಳ್ಳು ಉತ್ತರ ಮುಂದೆ ಇಡೀ ಪಾಲಿಸಿಯನ್ನೇ ರದ್ದು ಮಾಡಬಲ್ಲದು. ಫ್ಲಾರಿಡಾದಲ್ಲಿ ಕಾನೂನುಬದ್ಧವಾಗಿ ಬಂದೂಕು ಇದ್ದ ಕಾರಣಕ್ಕೆ ವಿಮೆ ನಿರಾಕರಿಸುವಂತಿಲ್ಲ, ಪ್ರೀಮಿಯಂ ಏರಿಸುವಂತಿಲ್ಲ. ಪಟ್ಟಿ ಮಾಡಿ ವಿಮೆ ಪಡೆದಾಗ ಬೆಲೆಗೆ ತಕ್ಕ ಪ್ರೀಮಿಯಂ ಮಾತ್ರ ಹಾಕಬಹುದು. ಎಲ್ಲ ರಾಜ್ಯಗಳಲ್ಲಿ ಇಂಥ ಕಾನೂನಿಲ್ಲ. ಸಂಗ್ರಹದಿಂದ ಆಗಾಗ ಮಾರಿ ಲಾಭ ಮಾಡುವವರನ್ನು ಕಂಪನಿ ವ್ಯಾಪಾರಿ ಎಂದು ಪರಿಗಣಿಸಿದರೆ ಗೃಹವಿಮೆಯ ರಕ್ಷಣೆ ಬಹುಪಾಲು ಜಾರಿಹೋಗುತ್ತದೆ. ಅಲ್ಲಿ ನೆಲೆಸಿದ ಕನ್ನಡಿಗರು ಇನ್ನೊಂದನ್ನು ಗಮನಿಸಬೇಕು: ಎಚ್-1ಬಿ ಥರದ ವಲಸೆಯೇತರ ವೀಸಾದವರು ಬೇಟೆಯ ಪರವಾನಗಿಯಂಥ ವಿನಾಯಿತಿ ಇಲ್ಲದೆ ಬಂದೂಕು ಹೊಂದುವುದನ್ನು ಅಲ್ಲಿನ ಕೇಂದ್ರ ಕಾನೂನೇ ನಿಷೇಧಿಸಿದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ.

ಬಂದೂಕಿನಿಂದ ಬೇರೆಯವರಿಗೆ ಗಾಯವಾದರೆ ಅದು ಪಾಲಿಸಿಯ ಇನ್ನೊಂದು ಭಾಗಕ್ಕೆ ಸೇರಿದ ಮಾತು. ಆಕಸ್ಮಿಕಕ್ಕೆ ಗೃಹವಿಮೆಯ ಹೊಣೆಗಾರಿಕೆ ಭಾಗ ಕೊಡುತ್ತದೆ, ಹಲವು ಪಾಲಿಸಿಗಳಲ್ಲಿ ಅದು ಶುರುವಾಗುವುದು 1 ಲಕ್ಷ ಡಾಲರಿನಿಂದ. ಬೇಕೆಂದೇ ಮಾಡಿದ ಹಾನಿಗೆ ಏನೂ ಇಲ್ಲ. ಮನೆಗೆ ಬಂದುಹೋಗುವವರು ಹೆಚ್ಚಿದ್ದರೆ ಇದರ ಮೇಲೊಂದು ಹತ್ತು ಲಕ್ಷ ಡಾಲರಿನ ಅಂಬ್ರೆಲಾ (ಹೆಚ್ಚುವರಿ ಹೊಣೆಗಾರಿಕೆ) ಪಾಲಿಸಿ ಇಡುವುದು ವಿವೇಕ.

ಕಳವಾದ ಕೂಡಲೇ ಪೊಲೀಸರಿಗೆ ದೂರು ಕೊಡಬೇಕು, ಕಂಪನಿಗೂ ತಿಳಿಸಬೇಕು. ಪೊಲೀಸರು ಕ್ರಮಸಂಖ್ಯೆಗಳನ್ನು ಎಫ್‌ಬಿಐನ ಕಳವು ಬಂದೂಕುಗಳ ಕಡತಕ್ಕೆ ಸೇರಿಸುತ್ತಾರೆ. ಸಂಖ್ಯೆ ಗೊತ್ತಿಲ್ಲದಿದ್ದರೆ ಆ ದಾರಿಯೇ ಮುಚ್ಚಿತು. ಪರಿಹಾರ ಕೈಸೇರಿದ ಮೇಲೆ, ವರ್ಷಗಳ ನಂತರವೂ, ಬಂದೂಕು ಎಲ್ಲೋ ಸಿಕ್ಕಿದ್ದುಂಟು. ಎಚ್‌ಓ-3 ಪಾಲಿಸಿಯಲ್ಲಿ ಆಗ ಆಯ್ಕೆ ಮಾಲಿಕನದು: ಹಣ ಉಳಿಸಿಕೊಂಡು ಬಂದೂಕನ್ನು ಕಂಪನಿಗೆ ಬಿಡಬಹುದು, ಇಲ್ಲವೇ ಪಡೆದ ಹಣ ಹಿಂದಿರುಗಿಸಿ ಅಜ್ಜನ ಬಂದೂಕನ್ನು ಮನೆಗೆ ತರಬಹುದು.