ಎರವಲು ಪಡೆದು ಓದಿದ ಪುಸ್ತಕಗಳ ದಾಖಲೆ: ಗ್ರಂಥಾಲಯ ಸದಸ್ಯರಿಗೆ ಮಾಹಿತಿ

ಸಾರ್ವಜನಿಕ ಗ್ರಂಥಾಲಯದ ಸದಸ್ಯತ್ವ ಪಡೆಯುವವರಲ್ಲಿ ಅನೇಕರು, ತಾವು ಎರವಲು ಪಡೆದ ಎಲ್ಲ ಪುಸ್ತಕಗಳ ವಿವರವೂ ಗ್ರಂಥಾಲಯದಲ್ಲಿ ಶಾಶ್ವತವಾಗಿ ಉಳಿಯುತ್ತದೆಂದು ಭಾವಿಸುವುದುಂಟು. ವರ್ಷಗಳ ಹಿಂದೆ ಓದಿದ ಕಾದಂಬರಿಯೊಂದರ ಹೆಸರು ತಿಳಿಯಲು ಬರುವ ಸದಸ್ಯರು ಬಹುಮಟ್ಟಿಗೆ ನಿರಾಶರಾಗಿ ಹಿಂತಿರುಗುತ್ತಾರೆ. ಇದಕ್ಕೆ ಸಿಬ್ಬಂದಿಯ ಉದಾಸೀನ ಕಾರಣವಲ್ಲ. ಎರವಲು ನೀಡುವ ಪದ್ಧತಿಯೇ ಕಾರಣ.

ಗ್ರಂಥಾಲಯಗಳಲ್ಲಿ ದೀರ್ಘಕಾಲ ಬಳಕೆಯಲ್ಲಿರುವುದು ಬ್ರೌನ್ ಪದ್ಧತಿ. ಇದನ್ನು 1895ರಲ್ಲಿ ಅಮೆರಿಕದ ಗ್ರಂಥಪಾಲಕಿ ನೀನಾ ಬ್ರೌನ್ ರೂಪಿಸಿದರು. ಪ್ರತಿಯೊಂದು ಪುಸ್ತಕದ ಒಳಬದಿಯ ಚೀಲದಲ್ಲಿ ಆ ಪುಸ್ತಕದ ಕಾರ್ಡ್ ಇರುತ್ತದೆ. ಸದಸ್ಯರು ಎಷ್ಟು ಪುಸ್ತಕಗಳನ್ನು ಪಡೆಯಲು ಅರ್ಹರೋ ಅಷ್ಟು ಚೀಟಿಗಳನ್ನು ಅವರಿಗೆ ನೀಡಲಾಗುತ್ತದೆ. ಪುಸ್ತಕ ನೀಡುವಾಗ ಅದರ ಕಾರ್ಡನ್ನು ಸದಸ್ಯರ ಚೀಟಿಯೊಳಗೆ ಸೇರಿಸಿ, ಹಿಂತಿರುಗಿಸಬೇಕಾದ ದಿನಾಂಕದ ಕ್ರಮದಲ್ಲಿ ತಟ್ಟೆಯಲ್ಲಿ ಇಡಲಾಗುತ್ತದೆ. ಪುಸ್ತಕ ಮರಳಿ ಬಂದಾಗ ಕಾರ್ಡ್ ಪುಸ್ತಕಕ್ಕೂ, ಚೀಟಿ ಸದಸ್ಯರಿಗೂ ಸೇರುತ್ತದೆ. ಆ ಕ್ಷಣದಿಂದ ಆ ಸದಸ್ಯರು ಆ ಪುಸ್ತಕವನ್ನು ಓದಿದರೆಂಬುದಕ್ಕೆ ಗ್ರಂಥಾಲಯದಲ್ಲಿ ಯಾವ ಗುರುತೂ ಉಳಿಯುವುದಿಲ್ಲ. ಪುಸ್ತಕದಲ್ಲಿ ಅಂಟಿಸಿದ ಹಾಳೆಯ ಮೇಲೆ ದಿನಾಂಕದ ಮುದ್ರೆ ಮಾತ್ರ ಇರುತ್ತದೆ, ಅದರಲ್ಲಿ ಹೆಸರಿಲ್ಲ. ಯಾರು ಏನನ್ನು ಓದಿದರೆಂಬುದು ಪರರಿಗೆ ತಿಳಿಯದಿರುವುದು ಓದುಗರ ಪಾಲಿಗೆ ಒಂದು ರಕ್ಷಣೆಯೂ ಹೌದು.

ಗಣಕೀಕೃತ ಗ್ರಂಥಾಲಯಗಳಲ್ಲಿ ಹಿಂತಿರುಗಿಸಿದ ಪುಸ್ತಕಗಳ ವಿವರ ಉಳಿಯುವುದೋ ಇಲ್ಲವೋ ಎಂಬುದು ಅಲ್ಲಿನ ತಂತ್ರಾಂಶವನ್ನೂ ಅದರ ವ್ಯವಸ್ಥೆಯನ್ನೂ ಅವಲಂಬಿಸಿರುತ್ತದೆ. ಸದಸ್ಯರು ಇದನ್ನು ಗ್ರಂಥಪಾಲಕರಲ್ಲಿ ವಿಚಾರಿಸಿ ತಿಳಿಯಬಹುದು. ಆದರೂ ಅದನ್ನೇ ನೆಚ್ಚಿಕೊಳ್ಳದೆ ಸ್ವಂತ ದಾಖಲೆ ಇಟ್ಟುಕೊಳ್ಳುವುದು ಸೂಕ್ತ. ಇದಕ್ಕೆ ನಿಗದಿತ ನಮೂನೆಯೇನೂ ಇಲ್ಲ. ಸಾಧಾರಣ ನೋಟುಪುಸ್ತಕ ಸಾಕು.

ಮುಖ್ಯವಾಗಿ ಗಮನಿಸತಕ್ಕದ್ದು ಪುಸ್ತಕದ ಮೇಲಿನ ಎರಡು ಸಂಖ್ಯೆಗಳನ್ನು. ಬೆನ್ನಿನ ಮೇಲಿರುವುದು ವರ್ಗೀಕರಣ ಸಂಖ್ಯೆ. ಇದು ವಿಷಯವನ್ನು ಸೂಚಿಸುತ್ತದೆ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಅದರ ಮುಂದೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕಥೆ-ಕಾದಂಬರಿ. ಒಳಪುಟದಲ್ಲಿ ಮುದ್ರೆಯೊತ್ತಿ ಬರೆದಿರುವುದು ಪರಿಗ್ರಹಣ ಸಂಖ್ಯೆ. ಒಂದೇ ಕಾದಂಬರಿಯ ಐದು ಪ್ರತಿಗಳಿದ್ದರೆ ಐದಕ್ಕೂ ಬೇರೆ ಬೇರೆ ಪರಿಗ್ರಹಣ ಸಂಖ್ಯೆ ಇರುತ್ತದೆ. ಓದಿದ ಕೃತಿಯನ್ನು ಮತ್ತೆ ಹುಡುಕಲು ಮೊದಲನೆಯದು ನೆರವಾಗುತ್ತದೆ. ಪಡೆದದ್ದು ಯಾವ ಪ್ರತಿ ಎಂದು ತೋರಿಸಲು ಎರಡನೆಯದೇ ಬೇಕು.

ಪುಸ್ತಕದ ಹೆಸರಿನ ಜೊತೆಗೆ ಲೇಖಕರ ಹೆಸರನ್ನು ಮುಖಪುಟದಲ್ಲಿರುವಂತೆಯೇ ಬರೆದುಕೊಂಡು, ಕಾವ್ಯನಾಮವಿದ್ದಲ್ಲಿ ಪಕ್ಕದಲ್ಲಿ ನಿಜನಾಮವನ್ನೂ ಗುರುತಿಸುವುದು ಒಳ್ಳೆಯದು. ಅಂಬಿಕಾತನಯದತ್ತರೂ ದ.ರಾ. ಬೇಂದ್ರೆಯವರೂ, ಮಾಸ್ತಿಯವರೂ ‘ಶ್ರೀನಿವಾಸ’ರೂ ಒಬ್ಬರೇ ಎಂಬುದು ಹಿರಿಯ ಓದುಗರಿಗೆ ತಿಳಿದ ಸಂಗತಿ, ಹೊಸಬರ ಪಟ್ಟಿಯಲ್ಲಿ ಇವರು ನಾಲ್ವರಾಗುವುದು ವಿರಳವೇನಲ್ಲ. ಅನುವಾದಿತ ಕೃತಿಯಾದರೆ ಅನುವಾದಕರ ಹೆಸರು ಅಗತ್ಯ. ಮುದ್ರಣದ ವರ್ಷವನ್ನೂ ಬಿಡಬಾರದು. ಮರುಮುದ್ರಣಗಳಲ್ಲಿ ಪುಟಸಂಖ್ಯೆ ಬದಲಾಗುವುದರಿಂದ, ವರ್ಷವಿಲ್ಲದ ಪುಟಸಂಖ್ಯೆ ಪ್ರಯೋಜನಕ್ಕೆ ಬಾರದು. ಐ.ಎಸ್.ಬಿ.ಎನ್. ಸಂಖ್ಯೆ ಇದ್ದಲ್ಲಿ ಬರೆದುಕೊಳ್ಳಬಹುದು. 2007ರಿಂದ ಇದು 13 ಅಂಕಿಗಳದ್ದಾಗಿದೆ, ಅದಕ್ಕೂ ಮೊದಲು 10 ಅಂಕಿಗಳಿದ್ದವು. ಹಳೆಯ ಕನ್ನಡ ಪುಸ್ತಕಗಳಲ್ಲಿ ಅದನ್ನು ಹುಡುಕುವುದು ವ್ಯರ್ಥ ಶ್ರಮ.

ಪಡೆದ ದಿನಾಂಕ, ಹಿಂತಿರುಗಿಸಿದ ದಿನಾಂಕಗಳನ್ನು ಅದೇ ದಿನ ಬರೆಯತಕ್ಕದ್ದು. ಹಿಂತಿರುಗಿಸಿದ ಪುಸ್ತಕ ಬಾಕಿಯೆಂದು ತೋರುವ ಸಂದರ್ಭಗಳು ಆಗಾಗ್ಗೆ ಉಂಟಾಗುತ್ತವೆ. ಸದಸ್ಯತ್ವ ರದ್ದುಪಡಿಸಿ ಠೇವಣಿ ಹಿಂಪಡೆಯುವಾಗ ಇಂತಹ ಒಂದು ಬಾಕಿಯಿಂದ ಅರ್ಜಿ ತಡೆಯಾಗಬಹುದು. ಸದಸ್ಯರ ಬಳಿ ಪರಿಗ್ರಹಣ ಸಂಖ್ಯೆ ಇದ್ದಲ್ಲಿ ಸಿಬ್ಬಂದಿಯು ನೇರವಾಗಿ ಕಪಾಟಿನಲ್ಲಿ ಆ ಪ್ರತಿಯನ್ನೇ ಹುಡುಕಬಹುದು. ಅನೇಕ ವೇಳೆ ಅದು ಅಲ್ಲಿಯೇ ಇರುತ್ತದೆ. ‘ಆ ಕೆಂಪು ರಟ್ಟಿನ ಪುಸ್ತಕ, ಮಳೆಗಾಲದಲ್ಲಿ ಕೊಟ್ಟಿದ್ದೆ’ ಎಂಬ ವಿವರಣೆಯಿಂದ ಹುಡುಕಾಟ ಸಾಧ್ಯವಾಗದು. ಬ್ರೌನ್ ಪದ್ಧತಿಯಿರುವಲ್ಲಿ ಪುಸ್ತಕ ಮರಳಿಸಿದ ಕೂಡಲೇ ತಮ್ಮ ಚೀಟಿಯನ್ನು ಕೇಳಿ ಪಡೆಯುವುದನ್ನು ಸದಸ್ಯರು ಮರೆಯಬಾರದು. ಚೀಟಿ ಸದಸ್ಯರ ಕೈಗೆ ಬರುವವರೆಗೆ ವ್ಯವಹಾರ ಮುಗಿದಂತಲ್ಲ.